ಹಂಡೆಯೊಳಗಿನ ಹಸಿರು ಗೆರೆ

ನಮ್ಮ ಮನೆಯ ತಾಮ್ರದ ಹಂಡೆಯನ್ನು ನಾನು ಜೀವಮಾನದಲ್ಲಿ ಒಂದೇ ಒಂದು ಸಲ ನನ್ನ ಕೈಯಿಂದ ತಿಕ್ಕಿದ್ದೇನೆ. ಒಂದು ಸೋಮವಾರ ಬೆಳಿಗ್ಗೆ, ಹಿತ್ತಲಿನ ಬಾಗಿಲು ಎಳೆದುಕೊಂಡು, ಹುಣಸೆಹಣ್ಣು ಮತ್ತು ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ಗಂಡಸರು ಪಾತ್ರೆ ತಿಕ್ಕುವ ಮನೆ ನಮ್ಮದಲ್ಲ. ಆ ದಿನ ಯಾಕೆ ತಿಕ್ಕಿದೆ ಎಂಬುದನ್ನು ನನ್ನ ಮಗಳಿಗೆ ಹೇಳಲು ನನಗೆ ಎಂಟು ವರ್ಷ ಬೇಕಾದವು.

ನಾನು ಇಳಕಲ್ಲಿನವನು. ಮೆಟ್ರಿಕ್ ಮುಗಿಸಿ ಅಪ್ಪನ ಕಸುಬಿಗೆ ಕೂತೆ. ಸೀರೆಗೆ ಬೇಕಾಗುವ ರೇಷ್ಮೆ ನೂಲಿಗೆ ಬಣ್ಣ ಕಟ್ಟುವುದು ನಮ್ಮ ಕಸುಬು. ದಾಳಿಂಬೆ ಕೆಂಪಿಗೂ ಇಟ್ಟಂಗಿ ಕೆಂಪಿಗೂ ನಡುವೆ ಎಷ್ಟು ಮೆಟ್ಟಿಲು ಇವೆಯೆಂದು ಕಣ್ಣಿನಿಂದಲೇ ಹೇಳಬಲ್ಲೆ. ಹೆಂಡತಿ ಬೇಗ ತೀರಿಕೊಂಡಳು. ಆಮೇಲೆ ಮನೆಯಲ್ಲಿ ನಾವು ಮೂವರು ಉಳಿದೆವು: ನಾನು, ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ನನ್ನ ಅಕ್ಕ, ಮತ್ತು ಮಗಳು. ಮಗಳು ಊರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು.

ಎರಡನೆಯ ವರ್ಷದಲ್ಲಿ ಕಾಲೇಜಿನವರು ಅವಳ ತರಗತಿಯವರನ್ನು ಕಾರವಾರಕ್ಕೆ ಕರೆದುಕೊಂಡು ಹೋಗಿದ್ದರು. ಹುಡುಗಿ ಮೊದಲ ಸಲ ಸಮುದ್ರ ನೋಡಿದ್ದು ಆಗ. ತಿರುಗಿ ಬಂದವಳು ಊಟದ ತಾಟಿನ ಮುಂದೆ ಕೂತು ಹೇಳಿದಳು:

"ಅಪ್ಪಾ, ಡಿಗ್ರಿ ಮುಗದ ಮ್ಯಾಲೆ ನಾ ಕಾರವಾರಕ್ಕ ಹೋಗತೇನಿ. ಸಮುದ್ರದ ಜೀವಾ ಓದೂದೈತಿ."

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಸಮುದ್ರದ ಜೀವಾ ಓದತಾಳಂತ! ಮೀನ ಮುಟ್ಟಿದ ಕೈಲೆ ಲಿಂಗಾ ಹೆಂಗ ಮುಟ್ಟತೀ?"

"ತಿನ್ನಾಕಲ್ಲತ್ತಿ, ಸಾಕಾಕ."

"ಸಾಕೂದಿದ್ರ ಆಕಳಾ ಸಾಕು. ಹಾಲರ ಕೊಡತೈತಿ."

ಮಗಳು ನಕ್ಕಳು, ಆದರೆ ಮಾತು ಬಿಡಲಿಲ್ಲ. ವಾರಕ್ಕೊಮ್ಮೆ ಅದೇ ಮಾತು. ಆ ಹೊತ್ತಿಗೆ ಹುನಗುಂದದಿಂದ ಒಂದು ಸಂಬಂಧ ಬಂದಿತ್ತು. ಕಿರಾಣಿ ವ್ಯಾಪಾರದ ಮನೆ, ಒಬ್ಬನೇ ಮಗ. ಮದುವೆಯೊಂದರಲ್ಲಿ ಮಗಳನ್ನು ನೋಡಿ ಅವರೇ ಕೇಳಿಕೊಂಡು ಬಂದಿದ್ದರು. ನನಗೆ ಆ ಮನೆ ಮನಸ್ಸಿಗೆ ಬಂದಿತ್ತು. ಇಳಕಲ್ಲಿನಿಂದ ಹತ್ತಿರ, ಬೇಕೆಂದಾಗ ಮಗಳ ಮುಖ ನೋಡಬಹುದು. ಇಲ್ಲ ಎಂದು ಬಾಯಿಬಿಟ್ಟು ಹೇಳಿ ಕೆಟ್ಟವನಾಗಲು ಮನಸ್ಸಿರಲಿಲ್ಲ. ಅದಕ್ಕೇ ಅವಳ ಕೊನೆಯ ವರ್ಷದ ದೀಪಾವಳಿಯ ಹೊತ್ತಿಗೆ ಒಂದು ದಿನ, ಚಾಣಾಕ್ಷತನ ಎಂದುಕೊಂಡು ಒಂದು ಮಾತು ಆಡಿದೆ.

"ಆತು. ಆ ಸಮುದ್ರದ ಜೀವಾನ ಈ ಮನ್ಯಾಗ ಸಾಕಿ ತೋರಸು. ಬಸವ ಜಯಂತಿ ತನಕ ಬದುಕಿದ್ರ ನೀ ಕಾರವಾರಕ್ಕ. ಸತ್ತರ ಹುನಗುಂದಕ್ಕ."

"ಮಾತಂದ್ರ ಮಾತರಿ?"

"ಮಾತ."

ಅವಳು ನನ್ನ ಬಣ್ಣದ ಕೋಣೆಯಿಂದ ಕೆಂಪು ಪೆನ್ಸಿಲ್ ತಂದು, ಆಗಷ್ಟೇ ಬಂದಿದ್ದ ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಬಸವ ಜಯಂತಿಯ ಸುತ್ತ ಗೆರೆ ಎಳೆದಳು. ನಾನು ಒಳಗೊಳಗೇ ನಕ್ಕೆ. ಇಲ್ಲಿಂದ ಸಮುದ್ರಕ್ಕೆ ಬಸ್ಸಿನಲ್ಲಿ ಒಂದು ಇಡೀ ದಿನದ ದಾರಿ. ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬೋರಿನ ನೀರು ಕುದಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣ ಕೂಡುವ ಊರು. ಇಲ್ಲಿ ಸಮುದ್ರ ಎಲ್ಲಿ ಉಳಿಯುತ್ತದೆ!

ಅವಳು ಉಳಿಸಿದಳು. ಅದನ್ನು ಹೇಳದಿದ್ದರೆ ನನ್ನ ತಪ್ಪಿನ ತೂಕ ಯಾರಿಗೂ ತಿಳಿಯುವುದಿಲ್ಲ.

ದೀಪಾವಳಿ ಮುಗಿದ ಕೂಡಲೇ ಕೆಲಸ ಸುರುವಾಯಿತು. ನಾಲ್ಕು ಫೂಟು ಉದ್ದದ ಗಾಜಿನ ಪೆಟ್ಟಿಗೆ ಮಾಡಿಸಿದಳು. ಅಂಗಳದಲ್ಲಿಟ್ಟು ಸಿಹಿನೀರು ತುಂಬಿ, ಎಲ್ಲಿಯಾದರೂ ಜಿನುಗುತ್ತದೆಯೇ ಎಂದು ಮೂರು ದಿನ ಕಾದಳು. ಅಷ್ಟು ನೀರಿನ ಭಾರಕ್ಕೆ ಯಾವ ಟೇಬಲ್ಲೂ ತಾಳುವುದಿಲ್ಲವೆಂದು ಕಲ್ಲು ಪಾಲಿಶ್ ಮಾಡುವ ಕಾರಖಾನೆಯಿಂದ ಒಡೆದು ಬಿಟ್ಟಿದ್ದ ಕೆಂಪು ಕಲ್ಲಿನ ಹಾಸು ತರಿಸಿ, ಪಡಸಾಲೆಯ ಮೂಲೆಯಲ್ಲಿ ಕಟ್ಟೆ ಕಟ್ಟಿಸಿದಳು. ನಾನು ಹೊಳೆಯ ಉಸುಕು ತರಿಸಿಕೊಡುತ್ತೇನೆ ಎಂದೆ. ಬೇಡ ಅಂದಳು. ಉಸುಕು, ಉಪ್ಪು, ನೀರು ತಿರುಗಿಸುವ ಮೋಟಾರು, ಉಪ್ಪಿನ ಅಳತೆ ತೋರಿಸುವ ಗಾಜಿನ ಕಡ್ಡಿ, ಎಲ್ಲ ಮುಂಬೈಯ ಅಂಗಡಿಯೊಂದರಿಂದ ಬಸ್ಸಿನ ಮೇಲೆ ಬಂದವು. ಮೂರು ವರ್ಷ ರಜೆಯಲ್ಲೆಲ್ಲ ಮಗ್ಗಕ್ಕೆ ಕೂತು ನೇಯ್ದ ಸೀರೆಗಳ ದುಡಿಮೆಯನ್ನು ಅದಕ್ಕೇ ಹಾಕಿದಳು.

"ಅಲ್ಲಬೇ, ಉಪ್ಪೂ ಮುಂಬೈದಿಂದನ?" ಎಂದಳು ಅಕ್ಕ. "ನಮ್ಮ ಅಂಗಡಿ ಉಪ್ಪಿಗೆ ಏನ ಧಾಡಿ?"

ಕೊನೆಗೆ ಬಂದದ್ದು ಹವಳದ ಕಲ್ಲು. ಈಗ ಅದನ್ನು ಸಮುದ್ರದಿಂದ ತೆಗೆಯುವಂತಿಲ್ಲ, ಕಾನೂನಿದೆ. ಆಗ ಮುಂಬೈಯಲ್ಲಿ ಸಿಗುತ್ತಿತ್ತು. ಒದ್ದೆ ಪೇಪರಿನಲ್ಲಿ ಸುತ್ತಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟಿದ್ದರು. ಬಿಚ್ಚಿದರೆ ಕೊಳೆತ ವಾಸನೆ. ಅಕ್ಕ ಮೂಗಿಗೆ ಸೆರಗು ಹಿಡಿದು ಹಿತ್ತಲಿಗೆ ಓಡಿದಳು. ಒಂದು ತಿಂಗಳು ಆ ಪೆಟ್ಟಿಗೆಯಲ್ಲಿ ಕಲ್ಲು ಮತ್ತು ಉಪ್ಪುನೀರು ಬಿಟ್ಟರೆ ಏನೂ ಇರಲಿಲ್ಲ. ನೀರು ಹದಕ್ಕೆ ಬರಬೇಕು, ಅಲ್ಲಿಯತನಕ ಯಾವ ಜೀವ ಬಿಟ್ಟರೂ ಸಾಯುತ್ತದೆ ಎಂದು ಮಗಳು ಹೇಳಿದಳು.

ಹದ ಬಂತೋ ಇಲ್ಲವೋ ನೋಡಲು ಒಂದು ಸಣ್ಣ ಗಾಜಿನ ನಳಿಗೆ ಇತ್ತು. ಅದರಲ್ಲಿ ಪೆಟ್ಟಿಗೆಯ ನೀರು ತೆಗೆದುಕೊಂಡು ಔಷಧದ ಹನಿ ಹಾಕಬೇಕು. ನೀರು ಹಸಿರಾದರೆ ಕೊಳೆತದ ವಿಷ ಇದೆ, ಹಳದಿಯಾದರೆ ಇಲ್ಲ. ಮೊದಲ ಸಲ ಹನಿ ಹಾಕಿ ಅವಳು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತೇ ಇದ್ದಳು. ನಾನು ಹಿಂದಿನಿಂದ ನೋಡಿ ಸುಮ್ಮನಿರಲಾರದೆ ಹೇಳಿದೆ:

"ಗಿಣಿಹಸುರ ಐತಿ. ಇನ್ನೂ ಮೂರ ಮೆಟ್ಲ ಇಳೀಬೇಕು."

ಅವಳು ತಿರುಗಿ ನೋಡಿದಳು. "ನಿಮಗ ಅಷ್ಟ ಛಂದ ಕಾಣತೈತ್ರಿ?"

ಅಂದಿನಿಂದ ದಿನಾ ಸಂಜೆ ನಳಿಗೆ ನನ್ನ ಕೈಗೆ ಬರತೊಡಗಿತು. ನಾನು ಬಣ್ಣ ಹೇಳುತ್ತಿದ್ದೆ, ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಗಿಣಿಹಸುರು, ಎಳೆಮಾವು, ನೆಲ್ಲಿಕಾಯಿ, ಕೊನೆಗೆ ಒಂದು ದಿನ ನಿಂಬೆಹಳದಿ. ನಿಂಬೆಹಳದಿ ಎಂದಾಗ ಅವಳು ಆ ನಳಿಗೆಯನ್ನು ಅಕ್ಕನಿಗೆ ತೋರಿಸಲು ಅಡಿಗೆಮನೆಗೆ ಓಡಿದ್ದು ನನಗೆ ನಿನ್ನೆಯಂತೆ ಇದೆ.

ಸಂಕ್ರಾಂತಿಯ ಮುಂದೆ ಜೀವಗಳು ಬಂದವು. ಗಾಜಿಗೆ ಅಂಟಿ ಪಾಚಿ ತಿನ್ನುವ ಆರು ಬಸವನಹುಳು. ಕೆಂಪು ಬಿಳಿ ಪಟ್ಟೆಯ ಒಂದು ಸೀಗಡಿ. ಕೇಸರಿ ಮೈಗೆ ಬಿಳಿ ಪಟ್ಟಿ ಇದ್ದ ಎರಡು ಸಣ್ಣ ಮೀನು. ಮತ್ತು ಒಂದು ಹೂವು. ಅದು ಹೂವಲ್ಲ, ಪ್ರಾಣಿ ಎಂದಳು ಮಗಳು. ಕಲ್ಲಿಗೆ ಕಾಲೂರಿ ಬೆರಳಿನಂಥ ನೂರಾರು ಎಸಳು ಆಡಿಸುತ್ತಿತ್ತು. ಆ ಎರಡು ಮೀನು ಅದರ ಎಸಳಿನೊಳಗೆ ಹೊಕ್ಕು ಮಲಗುತ್ತಿದ್ದವು.

ಓಣಿಯ ಮಂದಿಯೆಲ್ಲ ನೋಡಲು ಬಂದರು. ಬೇಸಿಗೆ ಏರಿತು. ಮಧ್ಯಾಹ್ನ ಕರೆಂಟ್ ಹೋದರೆ ಮೋಟಾರು ನಿಲ್ಲುತ್ತಿತ್ತು. ಆಗ ಸೈಕಲ್ಲಿನ ಪಂಪಿಗೆ ಸಣ್ಣ ಕೊಳವೆ ಸಿಕ್ಕಿಸಿ ನೀರಿಗೆ ಗಾಳಿ ಊದಬೇಕು. ಮಗಳು ಕಾಲೇಜಿಗೆ ಹೋದಾಗ ಆ ಪಾಳಿ ಅಕ್ಕನದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಪಂಪು ಒತ್ತುತ್ತ ಬೈಯುತ್ತಿದ್ದಳು: "ಕಟಕೊಂಡ ಗಂಡಗ ಒಂದ ದಿನ ಬೀಸಣಿಗಿಲೆ ಗಾಳಿ ಹಾಕಲಿಲ್ಲ ನಾ. ಈ ಮೀನಕ್ಕ ಬಂತ ನೋಡ ಯೋಗ!" ಬೈದರೂ ಒಂದು ದಿನ ತಪ್ಪಿಸಲಿಲ್ಲ.

ನಾನೂ ಬದಲಾಗಿದ್ದೆ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಆ ಗಾಜಿನ ಮುಂದೆ ಹೋಗಿ ನಿಲ್ಲುವುದು ರೂಢಿಯಾಯಿತು. ಆದರೆ ಕ್ಯಾಲೆಂಡರಿನ ಕೆಂಪು ಗೆರೆ ಹತ್ತಿರ ಬಂದಂತೆ ನನ್ನೊಳಗೆ ಎರಡು ಮನಸ್ಸಾದವು. ಜೀವಗಳು ಬದುಕಲಿ ಎಂದು ಒಂದು ಮನಸ್ಸು. ಬದುಕಿದರೆ ಮಗಳು ಹೋಗುತ್ತಾಳಲ್ಲ ಎಂದು ಇನ್ನೊಂದು. ಹುನಗುಂದದವರು ಬಸವ ಜಯಂತಿಯ ಮರುದಿನ ಉತ್ತರಕ್ಕೆ ಬರುತ್ತೇವೆಂದು ಹೇಳಿ ಕಳಿಸಿದ್ದರು.

ಹಬ್ಬಕ್ಕೆ ಹನ್ನೆರಡು ದಿನ ಇದ್ದಾಗ ಮಗಳಿಗೆ ಬಾಗಲಕೋಟೆಯಲ್ಲಿ ಕೊನೆಯ ಪ್ರ್ಯಾಕ್ಟಿಕಲ್ ಪರೀಕ್ಷೆ ಬಂತು. ಅಲ್ಲಿನ ನವನಗರದಲ್ಲಿ ಗೆಳತಿಯ ಮನೆಯಲ್ಲಿ ಎರಡು ರಾತ್ರಿ ಉಳಿಯಬೇಕು. ಶನಿವಾರ ಬೆಳಿಗ್ಗೆ ಹೊರಡುವಾಗ ನನ್ನನ್ನು ಗಾಜಿನ ಮುಂದೆ ನಿಲ್ಲಿಸಿಕೊಂಡು ಹೇಳಿದಳು:

"ಅಪ್ಪಾ, ನಾಳೆ ಐತವಾರ. ಎರಡ ಬಕೀಟ ಹಳೆ ನೀರ ತಗದು ಎರಡ ಬಕೀಟ ಹೊಸಾದು ಹಾಕಬೇಕರಿ. ಹೊಸಾ ನೀರ ಕಲಸಿಟ್ಟೇನಿ, ಅಗಾ ನೋಡ್ರಿ, ಆ ನೀಲಿ ಡ್ರಮ್ಮಿನ್ಯಾಗ. ನೀವ ಬರೇ ಹಾಕೂದಷ್ಟ. ಬ್ಯಾರೆ ಏನೂ ಮಾಡಬ್ಯಾಡ್ರಿ."

ನೀಲಿ ಡ್ರಮ್ಮು ನನ್ನ ಬಣ್ಣದ ಕೋಣೆಯದು. ಹಿಂದೆ ಅದರಲ್ಲಿ ಬಣ್ಣದ ಪುಡಿ ಬಂದಿತ್ತು. ಅವಳು ಎಷ್ಟೋ ಸಲ ತೊಳೆದು, ತಿಂಗಳುಗಟ್ಟಲೆ ಅದೇ ಡ್ರಮ್ಮಿನಲ್ಲಿ ನೀರು ಕಲಸಿದ್ದಳು. ಏನೂ ಆಗಿರಲಿಲ್ಲ. ಆದರೆ ಅಂದು ಮೊದಲ ಸಲ ಆ ಕೆಲಸ ನನ್ನ ಕೈಗೆ ಬಂದಿತ್ತು. ಪ್ಲಾಸ್ಟಿಕ್ಕು ಬಣ್ಣ ಕುಡಿದರೆ ಪೂರ್ತಿ ಬಿಡುವುದಿಲ್ಲ ಎಂಬುದು ಬಣ್ಣದವನಾದ ನನಗೆ ಗೊತ್ತು. ನನ್ನ ಕೈಯಿಂದ ಆ ಬಾಯಿಲ್ಲದ ಜೀವಗಳಿಗೆ ಕೆಡಕಾಗಬಾರದು ಎಂದುಕೊಂಡೆ. ಮನೆಯಲ್ಲಿ ಎಲ್ಲಕ್ಕಿಂತ ಶುದ್ಧ ಪಾತ್ರೆ ಯಾವುದು? ತಾಮ್ರದ ಹಂಡೆ. ಕುಡಿಯುವ ನೀರು ಅದರಲ್ಲಿ, ಲಿಂಗಪೂಜೆಯ ನೀರು ಅದರಲ್ಲಿ. ತಾಮ್ರದಲ್ಲಿ ನಿಂತ ನೀರಿಗೆ ಹುಳ ಬೀಳುವುದಿಲ್ಲ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಶನಿವಾರ ಸಂಜೆ ಹಂಡೆ ಖಾಲಿ ಮಾಡಿ, ಡ್ರಮ್ಮಿನಿಂದ ಎರಡು ಬಕೀಟು ಉಪ್ಪುನೀರನ್ನು ಅದಕ್ಕೆ ಸುರಿದು, ಮೇಲೆ ತೆಳು ಅರಿವೆ ಮುಚ್ಚಿ ಇಟ್ಟೆ. ಐತವಾರ ಬೆಳಿಗ್ಗೆ ಸ್ನಾನ ಮಾಡಿ, ಮಡಿಯಲ್ಲೇ, ಆ ನೀರನ್ನು ಪೆಟ್ಟಿಗೆಗೆ ಹಾಕಿದೆ.

ಸಂಜೆಗೆ ಬಸವನಹುಳು ಒಂದೊಂದಾಗಿ ಗಾಜಿನಿಂದ ಕಳಚಿ ಉಸುಕಿಗೆ ಬಿದ್ದವು. ಹೂವಿನ ಎಸಳು ಮುದುಡಿತು. ಸೆಕೆಗೆ ಹೀಗಾಗಿರಬೇಕು ಎಂದುಕೊಂಡೆ. ಸೋಮವಾರ ಬೆಳಿಗ್ಗೆ ನೀರು ತುಂಬಲು ಹಂಡೆಯ ಬಾಯಿಗೆ ಬಗ್ಗಿದೆ. ಒಳಗೆ, ಉಪ್ಪುನೀರು ನಿಂತ ಎತ್ತರಕ್ಕೆ ಸರಿಯಾಗಿ, ಸುತ್ತಲೂ ಒಂದು ಹಸಿರು ಗೆರೆ ಮೂಡಿತ್ತು.

ಆ ಹಸಿರನ್ನು ಬೇರೆ ಯಾರಾದರೂ ಪಾಚಿ ಎನ್ನುತ್ತಿದ್ದರು. ನಾನು ಅನ್ನುವಂತಿರಲಿಲ್ಲ. ಅದು ಮೈಲುತುತ್ತದ, ಅಂದರೆ ತಾಮ್ರದ ಉಪ್ಪಿನ, ಜಾತಿಯ ಹಸಿರು. ಕೆಲವು ಬಣ್ಣ ನೂಲಿಗೆ ಗಟ್ಟಿಯಾಗಿ ಕೂಡಲೆಂದು ನಾವು ಮೈಲುತುತ್ತ ಹಾಕುತ್ತೇವೆ. ದ್ರಾಕ್ಷಿ ತೋಟದವರು ಬೂಜು ಸಾಯಲೆಂದು ಅದನ್ನೇ ಹೊಡೆಯುತ್ತಾರೆ. ತಾಮ್ರ ಉಪ್ಪಿನಲ್ಲಿ ಕರಗಿ ವಿಷವಾಗಿತ್ತು, ಆ ವಿಷವನ್ನು ನಾನು ಮಡಿಯುಟ್ಟು ಸುರಿದಿದ್ದೆ.

ತಿಳಿಯದೆ ಮಾಡಿದ್ದು ತಪ್ಪು, ಪಾಪವಲ್ಲ. ಅದನ್ನು ನಾನೂ ಒಪ್ಪುತ್ತೇನೆ. ಆದರೆ ನಾನು ಮೊದಲು ಮಾಡಿದ ಕೆಲಸವೇನು? ಬಸ್ ಸ್ಟ್ಯಾಂಡಿನ ಎದುರಿನ ಬೂತಿಗೆ ಹೋಗಿ ನವನಗರಕ್ಕೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಹುಣಸೆಹಣ್ಣು ಹುಡುಕಿದೆ.

ಅಕ್ಕ ಹಿತ್ತಲಿಗೆ ಬಂದು ಕಣ್ಣು ಅರಳಿಸಿದಳು. "ಯಾಕೋ ತಮ್ಮಾ, ಹಂಡೆ ತಿಕ್ಕಾಕ ಹತ್ತೀಯಲ್ಲ? ಇವತ್ತ ಸೂರ್ಯ ಯಾವ ಕಡೆ ಹುಟ್ಯಾನ?"

"ಸುಮ್ಮ. ಕರ್ರಗ ಆಗಿತ್ತು."

"ಮೊನ್ನೇರ ತಿಕ್ಕೇನಲ್ಲೋ ನಾ." ಅವಳು ಸ್ವಲ್ಪ ಹೊತ್ತು ನಿಂತು ನೋಡಿ ಒಳಗೆ ಹೋದಳು.

ಮಗಳು ಸಂಜೆ ಬಂದಳು. ಕೈಚೀಲ ಇಳಿಸದೆ ಗಾಜಿನ ಮುಂದೆ ನಿಂತಳು. ಸೀಗಡಿ ಪಕ್ಕಕ್ಕೆ ಉರುಳಿ ಕಾಲು ಆಡಿಸುತ್ತಿತ್ತು. "ಏನಾತರಿ ಅಪ್ಪಾ?" ಎಂದಳು. "ಸೆಕಿ ಭಾಳಾತು ನೋಡ," ಎಂದೆ. ಅವಳು ನೀರಿನ ಬಿಸಿ ನೋಡಿದಳು, ಉಪ್ಪು ಅಳೆದಳು, ನಳಿಗೆಗೆ ಹನಿ ಹಾಕಿ ನನ್ನ ಮುಂದೆ ಹಿಡಿದಳು. ನಿಂಬೆಹಳದಿಯೇ ಇತ್ತು. ಆ ಹನಿಗೆ ತಾಮ್ರ ಕಾಣುವುದಿಲ್ಲ. "ನಿಂಬಿಹಳದಿ," ಎಂದು ಸತ್ಯವನ್ನೇ ಹೇಳಿದೆ. ಅಷ್ಟು ಕೆಟ್ಟ ಸತ್ಯವನ್ನು ಆ ಮೊದಲು ಹೇಳಿರಲಿಲ್ಲ.

ಮಂಗಳವಾರ ಸೀಗಡಿ ಸತ್ತಿತು. ಅವಳು ಊಟ ಬಿಟ್ಟಳು. ಒಂದೊಂದೇ ಕಾರಣ ಹುಡುಕುತ್ತ ಹೋದಳು: ಊದಿನಕಡ್ಡಿಯ ಹೊಗೆ, ಕೈಗೆ ಅಂಟಿದ ಸಾಬೂನು, ಮೋಟಾರಿನ ತುಕ್ಕು. ಪಾಪ, ಅಕ್ಕನಿಗೆ ಪಡಸಾಲೆಗೆ ಒಗ್ಗರಣೆಯ ಹೊಗೆ ಬರದಂತೆ ಬಾಗಿಲು ಹಾಕಿಕೊಂಡು ಅಡಿಗೆ ಮಾಡಲು ಹೇಳಿದಳು. ಬುಧವಾರ ಬೂತಿಗೆ ಹೋಗಿ ಮುಂಬೈಯ ಅಂಗಡಿಯವನಿಗೆ ಫೋನ್ ಮಾಡಿ, ಓಡುತ್ತ ಬಂದಳು. ನಾನು ನೂಲು ಹಿಂಡುತ್ತ ಕೂತಿದ್ದೆ, ಅಕ್ಕ ಅಕ್ಕಿ ಆರಿಸುತ್ತಿದ್ದಳು.

"ಅಪ್ಪಾ, ಅಂವಾ ಕೇಳಿದಾ, ನೀರಾಗ ತಾಮ್ರ ಏನರ ಬಿದ್ದೈತೇನಂತ. ಹುಳಕ್ಕ, ಸೀಗಡಿಗೆ ಮೊದಲ ಹತ್ತೂದು ತಾಮ್ರನ ಅಂತ. ರೊಕ್ಕದ ಬಿಲ್ಲಿ, ತಂತಿ, ತಂಬಿಗಿ, ಏನರ ಬಿತ್ತೇನ್ರಿ?"

ಅಕ್ಕನ ಕೈ ಮೊರದ ಮೇಲೆ ನಿಂತಿತು. ಅವಳು ನನ್ನ ಮುಖ ನೋಡಿದಳು. ನಾನು ನೂಲು ನೋಡಿದೆ.

"ಇಲ್ಲವಾ," ಎಂದೆ. "ತಾಮ್ರ ಎಲ್ಲಿದು?"

"ಖರೇನ್ರಿ?"

"ಹೇಳಲಿಲ್ಲೇನು? ಡ್ರಮ್ಮಿಂದ ತಗದೆ, ಹಾಕಿದೆ."

ಅಕ್ಕ ಮತ್ತೆ ಅಕ್ಕಿ ಆರಿಸತೊಡಗಿದಳು.

ಅಂದು ಹೇಳಿದ್ದರೆ ಇನ್ನೂ ಹೊತ್ತು ಮೀರಿರಲಿಲ್ಲ. ಡ್ರಮ್ಮಿನಲ್ಲಿ ಒಳ್ಳೆಯ ನೀರು ಉಳಿದಿತ್ತು. ಮೀನು ಎರಡೂ ಈಜುತ್ತಿದ್ದವು. ಹೇಳಲಿಲ್ಲ. ಮೊದಲ ದಿನ ನಾಚಿಕೆಯಿಂದ ಹೇಳಲಿಲ್ಲ ಎಂದು ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡಿದ್ದೇನೆ. ಬುಧವಾರ ನಾಚಿಕೆ ಇರಲಿಲ್ಲ. ಬುಧವಾರ ನನ್ನ ಕಣ್ಣು ಕ್ಯಾಲೆಂಡರಿನ ಕಡೆ ಹೋಗಿತ್ತು. ಇದೊಂದು ವಾಕ್ಯ ಬರೆಯಲಿಕ್ಕೆ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಶುಕ್ರವಾರ ಆ ಹೂವು ಕಲ್ಲಿನಿಂದ ಬಿಟ್ಟು, ಒಳಗನ್ನು ಹೊರಗೆ ಮಾಡಿಕೊಂಡು ತೇಲಿತು. ಅದು ಕೊಳೆತು ನೀರು ಹಾಲಿನಂತಾಯಿತು. ಶನಿವಾರ ಬೆಳಿಗ್ಗೆ ಮೀನು ಎರಡೂ ಮೇಲಿದ್ದವು. ಮಗಳು ಅಳಲಿಲ್ಲ. ಅವುಗಳನ್ನು ಬೊಗಸೆಯಲ್ಲಿ ತೆಗೆದು ಹಿತ್ತಲಿನ ತುಳಸಿ ಕಟ್ಟೆಯ ಹಿಂದೆ ಮಣ್ಣು ಮಾಡಿದಳು. ಕೈ ತೊಳೆದುಕೊಂಡು ಒಳಗೆ ಬಂದು ಹೇಳಿದಳು:

"ಹುನಗುಂದದವರಿಗೆ ಬರಾಕ ಹೇಳ್ರಿ. ಮಾತಂದ್ರ ಮಾತು."

ನಾನು ಎದ್ದು, ಹುನಗುಂದಕ್ಕೆ ಹೇಳಿ ಕಳಿಸಲು ಅಂಗಿ ಹಾಕಿಕೊಂಡೆ. ಅಕ್ಕ ಅಡಿಗೆಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಗ್ಗರಣೆ ಹಾಕುವ ಹೊತ್ತು ಅದಾಗಿರಲಿಲ್ಲ.

ಮದುವೆಯಾಯಿತು. ಅಳಿಯ ಒಳ್ಳೆಯವನು, ಆ ಮನೆಯೂ ಒಳ್ಳೆಯದು. ಅದರಲ್ಲಿ ನನಗೆ ಶಿಕ್ಷೆಯೇನೂ ಬರಲಿಲ್ಲ. ನನಗೆ ಬಂದದ್ದು ಬೇರೆ. ಆ ಹಂಡೆಯ ನೀರಿನಿಂದ ನಾನು ಮತ್ತೆ ಲಿಂಗಪೂಜೆ ಮಾಡಲಾಗಲಿಲ್ಲ. ಸ್ಟೀಲಿನ ತಂಬಿಗೆಯಲ್ಲಿ ನಳದ ನೀರು ಹಿಡಿದು ಪೂಜೆಗೆ ಕೂಡುತ್ತಿದ್ದೆ. ಅಕ್ಕ ಯಾಕೆಂದು ಒಮ್ಮೆಯೂ ಕೇಳಲಿಲ್ಲ. ಗಾಜಿನ ಪೆಟ್ಟಿಗೆ ಆ ಕಲ್ಲಿನ ಕಟ್ಟೆಯ ಮೇಲೇ ಇತ್ತು. ಅದರಲ್ಲಿ ನಾನು ನೂಲಿನ ಲಡಿ ತುಂಬಿಟ್ಟೆ.

ಎಂಟು ವರ್ಷದ ಮೇಲೆ ಅಕ್ಕ ತೀರಿಕೊಂಡಳು. ತಿಂಗಳ ಕಾರ್ಯ ಮುಗಿದ ಮೇಲೆ ಮಗಳು ಪಾತ್ರೆಗಳನ್ನು ಅಟ್ಟಕ್ಕೆ ಹಾಕುತ್ತಿದ್ದಳು. ಹಂಡೆಯ ಕಂಠ ಹಿಡಿದು, "ಅತ್ತಿ ನೆನಪಿಗೆ ಇದನ್ನ ನಾ ಒಯ್ಯಲೇನ್ರಿ?" ಎಂದಳು.

ಆಗ ಹೇಳಿದೆ. ಶನಿವಾರ ಸಂಜೆಯಿಂದ ಬುಧವಾರದ ತನಕ, ಕ್ಯಾಲೆಂಡರಿನ ಮಾತನ್ನೂ ಬಿಡದೆ. ಅವಳು ನೆಲದ ಮೇಲೆ ಕೂತಳು. ಹಂಡೆಯೊಳಗೆ ಕೈ ಹಾಕಿ ಬೆರಳಿನಿಂದ ಸುತ್ತಲೂ ಸವರಿದಳು. ಕಾರವಾರದ ಮಾತು ಬರುತ್ತದೆ ಎಂದು ತಲೆ ತಗ್ಗಿಸಿ ಕಾದೆ. ಬರಲಿಲ್ಲ.

"ಬುಧವಾರ ಹೇಳಿದ್ರ ಮೀನ ಉಳೀತಿದ್ದವು," ಎಂದಳು.

ಹಂಡೆಯೊಳಗೆ ನೋಡುತ್ತಲೇ ಮುಂದೆ ಹೇಳಿದಳು: "ನನ್ನ ಕೈಗುಣಾನ ಹಂಗ ಅಂತ ತಿಳಕೊಂಡಿದ್ನಿ, ಅಪ್ಪಾ. ಕೂಸು ಹುಟ್ಟಿದಾಗ ಎರೀಯಾಕ ಅಂಜತಿದ್ನಿ. ನನ್ನ ಕೈಯಾಗ ಏನೂ ಉಳಿಯೂದಿಲ್ಲ ಅಂತ. ಎಲ್ಲಾ ಹುನಗುಂದದ ಅತ್ತಿಯವರ ಕಡೆ ಮಾಡಿಸಿದ್ನಿ. ಒಂದ ತುಳಸಿ ಗಿಡಾನೂ ಹಚ್ಚಲಿಲ್ಲ ನಾ ಆ ಮನ್ಯಾಗ."

ನಾನು ಹೆದರಿದ್ದು ಅವಳ ಓದು ತಪ್ಪಿಸಿದ್ದಕ್ಕೆ. ಇದು ನನಗೆ ಗೊತ್ತೇ ಇರಲಿಲ್ಲ.

"ತಪ್ಪಾತವ್ವಾ," ಎಂದೆ.

"ಹೂಂ." ಆಮೇಲೆ ಅಕ್ಕನ ಬಗ್ಗೆ ಕೇಳಿದಳು: "ಅತ್ತಿಗೆ ಗೊತ್ತಿತ್ತೇನ್ರಿ?"

"ಕೇಳಲಿಲ್ಲ ನಾ. ಆಕಿನೂ ಹೇಳಲಿಲ್ಲ."

ಅವಳು ಎದ್ದು ಸೀರೆ ಝಾಡಿಸಿಕೊಂಡಳು. ಹಂಡೆಯನ್ನು ಗೋಡೆಯ ಕಡೆ ಸರಿಸಿ, ಪಡಸಾಲೆಯ ಮೂಲೆಗೆ ಹೋಗಿ ನಿಂತಳು. "ಇದರಾಗಿನ ನೂಲ ತಗೀರಿ."

ತೆಗೆದೆ. ಮರುದಿನ ಹುನಗುಂದದಿಂದ ಟೆಂಪೋ ಬಂತು. ಹಳೆಯ ಕೌದಿಯಲ್ಲಿ ಸುತ್ತಿ ಆ ಗಾಜಿನ ಪೆಟ್ಟಿಗೆಯನ್ನು ಅವಳು ಒಯ್ದಳು. ಹಂಡೆ ಇಲ್ಲೇ ಉಳಿಯಿತು.

ಮುಂದೆ ಎರಡು ತಿಂಗಳು ಫೋನಿನಲ್ಲಿ ಊಟ, ಆರೋಗ್ಯದ ಮಾತಷ್ಟೇ. ಒಂದು ಸಂಜೆ ಅವಳ ದನಿಯ ಹಿಂದೆ ಬುಳುಬುಳು ಸಪ್ಪಳ ಕೇಳಿಸಿತು. ಆ ಸಪ್ಪಳ ನನಗೆ ಗುರುತಿತ್ತು.

"ನೀರ ತುಂಬಿದೇನವ್ವಾ?"

"ಹೂಂರಿ. ಸಿಹಿನೀರು. ಸಣ್ಣ ಮೀನ ಬಿಡಬೇಕಂತ ಮಾಡೇನಿ. ಹದಕ್ಕ ಬರಲಿ ಅಂತ ಕಾಯಾಕ ಹತ್ತೇನಿ."

"ಬಣ್ಣ ನೋಡಾಕ ನಾ ಬರಲೇನು? ಹುನಗುಂದಕ್ಕ ಎಷ್ಟ ದೂರ..."

ಅವಳ ಹಿಂದೆ ನೀರಿನ ಸಪ್ಪಳ ಬರುತ್ತಲೇ ಇತ್ತು.

"ಬ್ಯಾಡ್ರಿ ಅಪ್ಪಾ," ಎಂದಳು. "ನಾನ ನೋಡತೇನಿ."